ಬರ್ತೀನಿ ಅಂತ ಹೇಳಿ ಕೈಕೊಡೋ ಮಹಾನುಭಾವರಿಗೆ

ನಮ್ಮ ತುಮಕೂರಿನ ಬ್ರಿಡ್ಜ್ ಅನ್ನೋ ಇಸ್ಪೀಟಾಟದ ಗುಂಪಿನ ಸಂಕಟ ಇದು. ಶನಿವಾರ ಸಂಜೆ ಆರೂವರೆಗೆ ಆಟ. ಬೆಳಿಗ್ಗೆಯೇ ವಾಟ್ಸಾಪ್‌ನಲ್ಲಿ ಎಂಟು ಹೆಬ್ಬೆಟ್ಟು ಬಿದ್ದಿರುತ್ತವೆ. ಎಂಟು ಜನ ಅಂದರೆ ಎರಡು ಟೇಬಲ್, ಲೆಕ್ಕ ಸರಿಹೋಯ್ತು ಅಂತ ಖುಷಿಯಾಗಿ ಹೋದರೆ ಅಲ್ಲಿರೋದು ಏಳೇ ಜನ. ಎಂಟನೆಯವರು ಯಾರಪ್ಪಾ ಅಂದರೆ ನನ್ನ ಜೋಡಿಯೇ! ಫೋನ್ ಮಾಡಿದರೆ, "ಅಯ್ಯೋ, ಮನೆಗೆ ನೆಂಟರು ಬಂದ್ಬಿಟ್ರು ಸಾರ್, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಿಸೋಕೆ ಕರ್ಕೊಂಡು ಬಂದಿದೀನಿ. ನೀವೆಲ್ಲಾ ಇದೀರಲ್ಲಾ, ಆಡ್ತಾ ಇರಿ" ಅನ್ನುತ್ತಾರೆ.

ಏನು ಆಡೋದು ಸ್ವಾಮಿ? ಸಾಲಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿಗೆ ಇರುವ ಬೆಲೆಯಲ್ಲಿ ಕಾಲುಭಾಗವಾದರೂ ಈ ಹೆಬ್ಬೆಟ್ಟಿಗೆ ಬೇಡವಾ?

ರಮ್ಮಿ ಆದರೆ ಮೂವರಿದ್ದರೂ ನಡೆಯುತ್ತೆ, ಐವರಿದ್ದರೂ ನಡೆಯುತ್ತೆ. ಬ್ರಿಡ್ಜ್ ಹಾಗಲ್ಲ. ನಾಲ್ಕು ಜನ, 52 ಎಲೆ, ತಲಾ 13. ಎದುರುಬದುರು ಕೂತವರು ಜೋಡಿ. ಮೂವರು ಬಂದರೂ ಒಂದೇ, ಯಾರೂ ಬರದಿದ್ದರೂ ಒಂದೇ. ಏಳು ಜನ ಬಂದರೆ ನಾಲ್ವರು ಆಡುತ್ತಾರೆ, ಮೂವರು ಮೇಲಿನ ಫ್ಯಾನ್ ನೋಡಿಕೊಂಡು ಕೂರುತ್ತಾರೆ. ಒಬ್ಬರು ಇಡ್ಲಿ ತಿನ್ನೋಕೆ ಹೋದರೆ ಮೂವರ ಸಂಜೆ ಹಾಳು. ಈ ಲೆಕ್ಕ ಇವರ ತಲೆಗೆ ಯಾಕೆ ಹೋಗಲ್ಲ ಅಂತ. ಆಟದಲ್ಲಿ ಹೊರಗೆ ಬಿದ್ದ ತುರುಫು ಎಷ್ಟು ಅಂತ ಕರಾರುವಾಕ್ಕಾಗಿ ಎಣಿಸುವ ಜನ ಇವರು!

ಇನ್ನೊಬ್ಬ ಬುದ್ಧಿವಂತರದ್ದು ಬೇರೆ ವಾದ. "ಹೇಗೂ ಒಬ್ಬರು ಡಮ್ಮಿ ತಾನೇ? ಎಲೆ ಬಿಚ್ಚಿಟ್ಟು ಸುಮ್ನೆ ಕೂತಿರ್ತಾರೆ. ಮೂರು ಜನ ಸಾಕಲ್ವಾ?" ಅಂತೆ. ಡಮ್ಮಿ ಯಾರು ಅಂತ ಗೊತ್ತಾಗೋದು ಎಷ್ಟು ಪಟ್ಟು ಗೆಲ್ತೀವಿ ಅಂತ ಕೂಗೋ ಬಿಡ್ಡಿಂಗ್ ಮುಗಿದ ಮೇಲೆ ರಾಯರೇ. ನಾನು ಒಂದು ಸ್ಪೇಡ್ ಅಂತ ಕೂಗಿದರೆ, ಎರಡು ಅನ್ನಬೇಕೋ ನಾಲ್ಕು ಅನ್ನಬೇಕೋ ಅಂತ ಎದುರಿನವರು ತಮ್ಮ ಕೈ ನೋಡಿ ಹೇಳಬೇಕು. ಖಾಲಿ ಕುರ್ಚಿ ಹೇಳುತ್ತಾ? ಬ್ರಿಡ್ಜ್‌ನ ಅರ್ಧ ಮಜಾ ಇರೋದೇ ಆ ಮಾತುಕತೆಯಲ್ಲಿ. ಕಟ್‌ಥ್ರೋಟ್ ಅಂತ ಮೂವರ ಆಟ ಒಂದಿದೆ, ನಿಜ. ನಾಲ್ಕನೇ ಕೈ ಮುಚ್ಚಿಟ್ಟಿರುತ್ತಾರೆ, ಜಾಸ್ತಿ ಕೂಗಿದವರಿಗೆ ಅದು ಡಮ್ಮಿ. ಕಂಡಿಲ್ಲದ ಎಲೆ ನಂಬಿಕೊಂಡು ಕೂಗಬೇಕು. ಕರೆಂಟ್ ಹೋದಾಗ ಹೊತ್ತು ಕಳೆಯೋಕೆ ಅಡ್ಡಿಯಿಲ್ಲ, ಅಷ್ಟೆ. ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ರೋಬೋಟ್ ಜೊತೆ ಆಡಿ ಅನ್ನೋರೂ ಇದ್ದಾರೆ. ಫೋನಲ್ಲೇ ಆಡೋದಾಗಿದ್ದರೆ ಮನೆಯಲ್ಲಿ ಲುಂಗಿ ಉಟ್ಟುಕೊಂಡೇ ಆಡುತ್ತಿದ್ದೆ.

ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಮಳೆ ಇರಲಿ, ಚಳಿ ಇರಲಿ, ಆರೂಕಾಲಿಗೆ ಹಾಜರ್. ಬಟವಾಡಿಯಲ್ಲಿ ಮನೆ ಇರೋರು "ಹತ್ತೇ ನಿಮಿಷ, ಹೊರಟೆ" ಅಂತ ಮೆಸೇಜ್ ಹಾಕಿ ಏಳೂಕಾಲಿಗೆ ಬರುತ್ತಾರೆ, ಇಲ್ಲಾ ಬರುವುದೇ ಇಲ್ಲ.

ಆದರೆ ನನಗೆ ನಿಜವಾಗಿ ಮೈ ಉರಿದದ್ದು ಬಾರದವರ ಮೇಲಲ್ಲ, ಬಂದವರ ಮೇಲೆ. ಏಳು ಜನ ಆದೆವಲ್ಲ, ತಕ್ಷಣ ಹಳೇ ಜೋಡಿಗಳು ಎರಡು ಎದುರುಬದುರು ಕೂತು ಎಲೆ ಕಲೆಸೋಕೆ ಶುರು ಮಾಡಿದವು. ಒಂದು ಮಾತಿಲ್ಲ, ಕತೆಯಿಲ್ಲ. ಮಿಕ್ಕಿದವರು ಮೇಷ್ಟ್ರು, ನಾನು, ಹೊಸದಾಗಿ ಕಲಿಯುತ್ತಿರುವ ಒಬ್ಬ ಮೇಡಂ. ಬ್ಯಾಂಕ್ ಕೆಲಸ ಮುಗಿಸಿ ಸೀದಾ ಬಂದಿದ್ದರು. ಕೈಯಲ್ಲೊಂದು ಪುಟ್ಟ ನೋಟ್‌ಬುಕ್. ಎಕ್ಕಕ್ಕೆ ನಾಲ್ಕು ಅಂಕ, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂತ ನೀಟಾಗಿ ಬರೆದುಕೊಂಡಿದ್ದರು. ಅವರಿಗೆ ನಮ್ಮ ಹಿರಿಯರು ಹೇಳಿದ್ದು, "ಕೂತ್ಕೊಂಡು ನೋಡಿ ಮೇಡಂ, ನೋಡ್ತಾ ನೋಡ್ತಾ ಬರುತ್ತೆ." ಸರಿ ಅಂತ ಪಾಪ ಅವರು ಕುರ್ಚಿ ಎಳೆದುಕೊಂಡು ಒಬ್ಬರ ಹಿಂದೆ ಕೂತರೆ, ಆ ಮಹಾಶಯ ಎಲೆಗಳನ್ನು ಎದೆಗೆ ಒತ್ತಿಕೊಂಡು ತಿರುಗಿ ನೋಡಬೇಕಾ! ಏನು ನೋಡಿ ಕಲೀಬೇಕು ಅವರು, ಇವರ ಬೆನ್ನಾ?

"ಸರದಿ ಮೇಲೆ ಆಡೋಣ ಸಾರ್" ಅಂದೆ. "ನಮ್ಮ ಜೋಡಿ ಮುರೀಬೇಡಿ, ನಮ್ಮದು ಸಿಸ್ಟಮ್ ಇದೆ" ಅಂದರು. ಯಾವ ಕೂಗಿಗೆ ಏನರ್ಥ ಅಂತ ಜೋಡಿ ಮೊದಲೇ ಮಾಡಿಕೊಂಡ ಒಪ್ಪಂದವಂತೆ ಅದು. ಯಾವ ಸಿಸ್ಟಮ್ಮೋ. ಎರಡು ಕ್ಲಬ್ ಕೂಗಿದರೆ ಏನರ್ಥ ಅಂತ ಪ್ರತಿ ವಾರ ಅವರಿಬ್ಬರೇ ಜಗಳ ಆಡುತ್ತಾರೆ. ಅದೂ ಹೋಗಲಿ ಅಂದರೆ ಆಡೋದು ರಬ್ಬರ್ ಅನ್ನೋ ಬಗೆ. ಎರಡು ಗೇಮ್ ಗೆಲ್ಲೋವರೆಗೂ ಯಾರೂ ಏಳೋ ಹಾಗಿಲ್ಲ, ಎಳೆದರೆ ಒಂದು ಗಂಟೆ ದಾಟುತ್ತೆ. ಚಿಕಾಗೋ ಅನ್ನೋ ಇನ್ನೊಂದು ಬಗೆ ಆಡಿದರೆ ನಾಲ್ಕು ಸಲ ಎಲೆ ಹಂಚಿದರೆ ಒಂದು ಸುತ್ತು ಮುಗಿಯಿತು. ಎಲ್ಲರೂ ಒಂದೊಂದು ಸಲ ಹಂಚಿರುತ್ತಾರೆ, ಹೆಚ್ಚುಕಮ್ಮಿ ಅರ್ಧ ಗಂಟೆ. ಮೂವರು ಏಳಬೇಕು, ಮೂವರು ಕೂರಬೇಕು. ಮೊದಲು ಯಾರು ಕೂರಬೇಕು ಅನ್ನೋದಕ್ಕೆ ಆಳಿಗೊಂದು ಎಲೆ ಎತ್ತಿದರಾಯ್ತು, ದೊಡ್ಡದು ಬಂದವರು ಆಡಲಿ. ಒಂಬತ್ತು ಗಂಟೆಯೊಳಗೆ ಏಳೂ ಜನಕ್ಕೆ ತಲಾ ಎರಡೋ ಮೂರೋ ಸುತ್ತು ಸಿಗುತ್ತೆ. ದೊಡ್ಡ ಟೂರ್ನಮೆಂಟಿನಲ್ಲೂ ಜೋಡಿಗಳು ಬೆಸ ಬಂದರೆ ಪ್ರತಿ ಸುತ್ತಿಗೆ ಒಂದು ಜೋಡಿ ಹೊರಗೆ ಕೂರುತ್ತೆ, ಯಾರೂ ಮುಖ ಊದಿಸಿಕೊಳ್ಳಲ್ಲ. ಇಲ್ಲಿ ಮಾತ್ರ ಕುರ್ಚಿ ಅಂದರೆ ಪಿತ್ರಾರ್ಜಿತ ಆಸ್ತಿ.

ಎಂಟು ಗಂಟೆಗೆ ಮೇಷ್ಟ್ರು ಬಸ್ಸಿಗೆ ಹೊತ್ತಾಯ್ತು ಅಂತ ಕೊಡೆ ಎತ್ತಿಕೊಂಡು ಹೊರಟರು. ಒಂದು ಎಲೆ ಮುಟ್ಟಿರಲಿಲ್ಲ. ಮೇಡಂ ಮೇಷ್ಟ್ರಿಗಿಂತ ಮೊದಲೇ ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರು. ಆಮೇಲೆ ಮೇಡಂ ಬಂದೇ ಇಲ್ಲ.

ಮೊನ್ನೆ ಮೀಟಿಂಗಿನಲ್ಲಿ ಅದೇ ಹಿರಿಯರ ಭಾಷಣ. ಹೊಸಬರಿಗೆ ಆಸಕ್ತಿಯೇ ಇಲ್ಲವಂತೆ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಡ್ಜ್‌ನಲ್ಲಿ ಚಿನ್ನ ಗೆದ್ದರೂ ನಮ್ಮೂರಲ್ಲಿ ಇದನ್ನು ಇಸ್ಪೀಟು ಅಂತಲೇ ಮೂಗು ಮುರೀತಾರಂತೆ. ಬರ್ಧನ್ ಅವರಿಗೆ ಆಗ 60 ವರ್ಷ, ಅದನ್ನೂ ಸೇರಿಸಿದರು. ಚಪ್ಪಾಳೆ ಬಿತ್ತು. ಬಂದ ಹೊಸಬರನ್ನು ಬೆನ್ನ ಹಿಂದೆ ಕೂರಿಸಿದ್ದು ಯಾರು ಅಂತ ಕೇಳೋಣ ಅಂತ ನಾಲಿಗೆ ತುದಿವರೆಗೂ ಬಂತು. ಅಷ್ಟರಲ್ಲಿ ಬೋಂಡಾ ಬಂತು, ಎಲ್ಲರೂ ಎದ್ದರು.

ನಿಮಗೆ ಬರೋಕೆ ಆಗಲ್ವಾ? ಮಧ್ಯಾಹ್ನ ಮೂರರೊಳಗೆ ಹೇಳಿ, ಇನ್ನೊಬ್ಬರನ್ನು ಹುಡುಕುತ್ತೇವೆ. ನೆಂಟರು ದಿಢೀರನೆ ಬಂದರಾ? ನಿಮ್ಮ ಬದಲಿಗೆ ಒಬ್ಬರನ್ನು ಒಪ್ಪಿಸಿ, ಆಮೇಲೆ ಇಡ್ಲಿ ತಿನ್ನಿ. ಜನ ಕಮ್ಮಿ ಬಿದ್ದ ದಿನ ಜೋಡಿ ಮುರಿಯಲೇಬೇಕು, ರಬ್ಬರ್ ಬೇಡವೇ ಬೇಡ. ಇದು ಆಗಲ್ಲ ಅನ್ನೋ ಜೋಡಿಗಳು ಇನ್ನಿಬ್ಬರನ್ನು ಕರೆದುಕೊಂಡು ಮನೆಯಲ್ಲೇ ಆಡಿಕೊಳ್ಳಲಿ.

ಈಗ ನನಗೊಂದು ಕೆಲಸ ಹೇಳಿದ್ದಾರೆ. ಜನ ಸಾಲುತ್ತಿಲ್ಲ, ಆ ಮೇಡಂಗೆ ಫೋನ್ ಮಾಡಿ ಬರೋಕೆ ಹೇಳಿ ಅಂತ. ನಾನು ಮಾಡಲ್ಲ. ಅಂದು ಎಲೆ ಎದೆಗೆ ಒತ್ತಿಕೊಂಡರಲ್ಲ, ಅವರೇ ಮಾಡಲಿ.