ಬಳ್ಳಿಗೆ ಉಪವಾಸ, ಕೊಳಕ್ಕೆ ಅಭಿಷೇಕ

ದಕ್ಷಿಣ ಫ್ರಾನ್ಸಿನ ಲಾಂಗ್‌ದೊಕ್ ಮತ್ತು ರೂಸಿಯೋಂ ಸೀಮೆಗಳಲ್ಲಿ ಬೇಸಿಗೆ ರಜೆಗೆಂದು ಬಾಡಿಗೆಗೆ ಬಿಡುವ ವಿಲ್ಲಾಗಳ ಜಾಹೀರಾತುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಾ ಹೋದರೆ, ಎಲ್ಲ ಚಿತ್ರಗಳನ್ನೂ ಒಬ್ಬನೇ ಛಾಯಾಗ್ರಾಹಕ ಒಂದೇ ಮಧ್ಯಾಹ್ನ ತೆಗೆದಿರಬೇಕೆಂಬ ಅನುಮಾನ ಬರುತ್ತದೆ. ಮುಂದೆ ನೀಲಿ ಈಜುಕೊಳ, ಅದರ ಕಟ್ಟೆಯ ಮೇಲೆ ರೋಜೇ ಎಂಬ ನಸುಗೆಂಪು ವೈನು ಅರ್ಧ ತುಂಬಿದ ಲೋಟ, ಹಿಂದೆ ಬೆಟ್ಟದ ಬುಡದವರೆಗೂ ಸಾಲುಗಟ್ಟಿ ನಿಂತ ದ್ರಾಕ್ಷಿಬಳ್ಳಿ. ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಬಾಡಿಗೆ ತೆರುವ ಅತಿಥಿಯು ಕೋಣೆಗಳಿಗೆ ಹಣ ಕೊಡುತ್ತಾನೆ, ಕೊಳಕ್ಕೆ ಕೊಡುತ್ತಾನೆ, ದ್ರಾಕ್ಷಿತೋಟದ ನೋಟಕ್ಕೂ ಕೊಡುತ್ತಾನೆ. ಆ ನೋಟವನ್ನು ಚಳಿಗಾಲವಿಡೀ ಬಗ್ಗಿ ಸವರಿ, ತಂತಿಗೆ ಕಟ್ಟಿ, ಚಿಗುರಿದ ಮೇಲೆ ಗಂಧಕ ಹೊಡೆದು ಸಿದ್ಧಪಡಿಸಿದವನು ಬೇಲಿಯಾಚೆಯ ಬೆಳೆಗಾರ. ಬಾಡಿಗೆಯಲ್ಲಿ ಅವನಿಗೆ ಬಿಡಿಗಾಸಿನ ಪಾಲೂ ಇಲ್ಲ.

ಈ ಬೇಲಿಯ ಎರಡು ಬದಿಗಳಲ್ಲಿ ನೀರಿಗೆ ಎರಡು ಬಗೆಯ ಕಾನೂನು ಇರುವುದನ್ನು ಅತಿಥಿಗೆ ಯಾರೂ ಹೇಳುವುದಿಲ್ಲ. ಮೂಲಸ್ಥಾನದ ಹೆಸರು ಹೊತ್ತು ಮಾರಾಟವಾಗುವ ಫ್ರೆಂಚ್ ವೈನಿನ ಬಳ್ಳಿಗಳಿಗೆ ಮೇ 1ರಿಂದ ಕೊಯ್ಲು ಮುಗಿಯುವವರೆಗೆ ನೀರುಣಿಸುವುದು ತಾತ್ವಿಕವಾಗಿ ನಿಷಿದ್ಧ; ಬರ ಬಂದು ವಿನಾಯಿತಿ ಬೇಕಾದರೆ ಅದಕ್ಕೆ ಅರ್ಜಿ ಹಾಕಿ, ಕಾರಣ ತೋರಿಸಿ, ಅನುಮತಿಗಾಗಿ ಕಾಯಬೇಕು. ಬಳ್ಳಿಯು ಬಾಯಾರಿ ಬೇರಿಳಿಸಿ ಮಣ್ಣಿನ ಗುಣವನ್ನು ಹೀರಿದರೆ ಮಾತ್ರ ವೈನಿಗೆ ಆ ನೆಲದ ರುಚಿ ಬರುತ್ತದೆಂಬುದು ಇದರ ಹಿಂದಿನ ಶಾಸ್ತ್ರ, ಮತ್ತು ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಬಳ್ಳಿಯ ಉಪವಾಸ ಆರಂಭವಾಗುವ ಆ ಮೇ ತಿಂಗಳಿನಲ್ಲಿಯೇ ಪಕ್ಕದ ವಿಲ್ಲಾದ ಕೊಳದ ಹೊದಿಕೆ ಸರಿಯುತ್ತದೆ, ಪಂಪು ಗುನುಗತೊಡಗುತ್ತದೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಸಾಧಾರಣ ಕೊಳವೊಂದಕ್ಕೆ 48,000 ಲೀಟರ್ ನೀರು ಬೇಕು. ಅದರ ಮೇಲೆ ಬಿಸಿಲು ಮತ್ತು ಆ ಸೀಮೆಯ ಒಣಗಾಳಿ ದಿನವೂ ಹೀರಿಕೊಳ್ಳುವುದನ್ನು ತುಂಬುತ್ತಲೇ ಇರಬೇಕು. ಕೊಳವು ಬೇರಿಳಿಸಿ ಮಣ್ಣಿನ ಗುಣವನ್ನು ಹೀರಲಿ ಎಂದು ಅದನ್ನು ಬಾಯಾರಿಸುವ ಶಾಸ್ತ್ರವನ್ನು ಇನ್ನೂ ಯಾರೂ ಬರೆದಿಲ್ಲ.

ಸರ್ಕಾರಕ್ಕೆ ಇದು ಕಾಣುವುದೇ ಇಲ್ಲವೆಂದರೆ ಅನ್ಯಾಯವಾದೀತು. ಬರದ ತೀವ್ರತೆಯನ್ನು ಅದು ಎಚ್ಚರಿಕೆಯ ಹಂತದಿಂದ ಬಿಕ್ಕಟ್ಟಿನ ಹಂತದವರೆಗೆ ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದೆ, ಮತ್ತು ಪ್ರತಿ ಮೆಟ್ಟಿಲಿಗೂ ತಕ್ಕ ನಿಷೇಧಗಳ ಪಟ್ಟಿಯಿದೆ. 2023ರ ಮೇ ತಿಂಗಳಲ್ಲಿ ಸ್ಪೇನ್ ಗಡಿಯ ಪಿರೆನೇ-ಓರಿಯಂತಾಲ್ ಜಿಲ್ಲೆ ಕೊನೆಯ ಮೆಟ್ಟಿಲಿಗೆ ತಲುಪಿದಾಗ ತೋಟಕ್ಕೆ ನೀರು ಹಾಕುವುದು, ಕಾರು ತೊಳೆಯುವುದು, ಕೊಳ ತುಂಬುವುದು ಎಲ್ಲಕ್ಕೂ ತಡೆ ಬಿತ್ತು. ನೆಲದ ಮೇಲೆ ಇಡುವ ಅಗ್ಗದ ಈಜುಕೊಳಗಳನ್ನು ಅಂಗಡಿಗಳಲ್ಲಿ ಮಾರುವುದನ್ನೂ ನಿಲ್ಲಿಸಲಾಯಿತು. ನಿಷೇಧದ ಈ ಕೊನೆಯ ತುಣುಕನ್ನು ಗಮನಿಸಬೇಕು. ನೆಲ ಅಗೆದು ಕಾಂಕ್ರೀಟು ಸುರಿದು ಕಟ್ಟಿದ ಕೊಳ ಆಗಲೇ ಇತ್ತು, ಬಹುಪಾಲು ಚಳಿಗಾಲದ ನೀರನ್ನು ಹಾಗೆಯೇ ಉಳಿಸಿಕೊಂಡು ತುಂಬಿಯೂ ಇತ್ತು. ಅಂಗಡಿಯಿಂದ ಪ್ಲಾಸ್ಟಿಕ್ ತೊಟ್ಟಿ ತಂದು ಮಕ್ಕಳನ್ನು ಅದರಲ್ಲಿ ಕೂರಿಸಬೇಕೆಂದಿದ್ದ ಊರಿನ ಬಡ ಕುಟುಂಬವೇ ಬಿಕ್ಕಟ್ಟಿಗೆ ಕಾರಣವೆಂಬುದು ಹೀಗೆ ಪತ್ತೆಯಾಯಿತು. ಇದಕ್ಕೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿ, ಅದೇ ಜಿಲ್ಲೆಯ ಪೆರ್ಪಿನ್ಯಾಂ ನಗರದ ರೈತರೂ ಭಕ್ತರೂ ಸೇರಿ ರೈತರ ರಕ್ಷಕನೆನಿಸಿದ ಸಂತ ಗೋದೇರಿಕನ ಮೆರವಣಿಗೆಯನ್ನು ತೆತ್ ನದಿಯವರೆಗೆ ಹೊರಡಿಸಿ ಮಳೆ ಬೇಡಿದ್ದರು. ಸುಮಾರು ಒಂದೂವರೆ ಶತಮಾನದಿಂದ ನಿಂತುಹೋಗಿದ್ದ ಆ ಪದ್ಧತಿಯನ್ನು ಮತ್ತೆ ಎಬ್ಬಿಸಬೇಕಾಗಿ ಬಂದದ್ದು ಬರದ ಅಳತೆಯನ್ನು ನಾಲ್ಕು ಮೆಟ್ಟಿಲುಗಳಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟೆಲ್ಲ ಬಾಯಾರಿ ಬೆಳೆದ ದ್ರಾಕ್ಷಿಯಿಂದ ತೆಗೆದ ವೈನ್ ಏನಾಗುತ್ತದೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಕುಡಿಯುವವರು ಕಡಿಮೆಯಾಗಿ ದಾಸ್ತಾನು ಕೊಳೆಯುತ್ತಿದೆಯೆಂದು 2023ರ ಆಗಸ್ಟಿನಲ್ಲಿ ಫ್ರಾನ್ಸ್ ಸರ್ಕಾರವು ಹೆಚ್ಚುವರಿ ವೈನನ್ನು ಭಟ್ಟಿ ಇಳಿಸಿ ಆಲ್ಕೋಹಾಲ್ ಮಾಡಲು 20 ಕೋಟಿ ಯೂರೋ ಮೀಸಲಿರಿಸಿತು. ಹಾಗೆ ತೆಗೆದ ಆಲ್ಕೋಹಾಲನ್ನು ಕುಡಿಯಲು ಬಳಸುವಂತಿಲ್ಲ. ಅದು ಸುಗಂಧದ್ರವ್ಯಕ್ಕೆ, ಕೈ ಶುದ್ಧಿಯ ದ್ರವಕ್ಕೆ, ಇತರ ಕೈಗಾರಿಕೆಗಳಿಗೆ ಹೋಗುತ್ತದೆ. ಕೊಳದಿಂದೆದ್ದ ಅತಿಥಿಯು ಸಂಜೆ ಊಟಕ್ಕೆ ಮುನ್ನ ಕುತ್ತಿಗೆಗೆ ಸಿಂಪಡಿಸಿಕೊಳ್ಳುವ ಸುಗಂಧದಲ್ಲಿ ಎದುರಿನ ತೋಟದ ದ್ರಾಕ್ಷಿ ಇರುವ ಸಂಭವವು ಅವನ ಲೋಟದಲ್ಲಿ ಇರುವ ಸಂಭವಕ್ಕಿಂತ ಕಡಿಮೆಯೇನಲ್ಲ, ಏಕೆಂದರೆ ಲೋಟಕ್ಕೆ ಅವನು ಸೂಪರ್ ಮಾರ್ಕೆಟ್ಟಿನಿಂದ ನಲ್ಲಿಯಿರುವ ಪೆಟ್ಟಿಗೆಯಲ್ಲಿ ತಂದ ಅಗ್ಗದ ರೋಜೇಯನ್ನು ಬಗ್ಗಿಸಿಕೊಂಡಿದ್ದಾನೆ. ಭಟ್ಟಿಯಿಂದಲೂ ಸಮಸ್ಯೆ ಮುಗಿಯದಾಗ ಬಳ್ಳಿಯನ್ನೇ ಕಿತ್ತರೆ ಹೆಕ್ಟೇರಿಗೆ 4,000 ಯೂರೋ ಕೊಡುವ ಯೋಜನೆ 2024ರಲ್ಲಿ ಬಂತು. ಸುಮಾರು 27,000 ಹೆಕ್ಟೇರಿಗೆ ಅರ್ಜಿಗಳು ಬಂದವು. ಬೆಲೆ ಕುಸಿದಾಗ ಇದೇ ಸೀಮೆಯ ಬೆಳೆಗಾರರು 1907ರ ಜೂನಿನಲ್ಲಿ ಮೊಂಪೆಲಿಯೇ ನಗರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದರು, ಅವರನ್ನು ಹತ್ತಿಕ್ಕಲು ಸರ್ಕಾರ ಸೈನ್ಯ ಕಳುಹಿಸಿದಾಗ 17ನೆಯ ಪದಾತಿ ದಳದ ಸೈನಿಕರು ದಂಗೆಯೆದ್ದು ಅವರ ಪಕ್ಷವನ್ನೇ ವಹಿಸಿದ್ದರು. ಈಗ ದಂಗೆಯ ಬದಲು ನಮೂನೆ ಅರ್ಜಿಯಿದೆ.

ತನ್ನ ವೈನನ್ನು ತಾನೇ ಹೊಗಳಿ ಮಾರೋಣವೆಂದರೆ ಬೆಳೆಗಾರನಿಗೆ 1991ರ ಎವೆಂ ಕಾಯ್ದೆ ಅಡ್ಡ ಬರುತ್ತದೆ. ಮದ್ಯದ ಜಾಹೀರಾತಿನಲ್ಲಿ ಅದರ ಆಲ್ಕೋಹಾಲ್ ಪ್ರಮಾಣ, ಮೂಲ, ಹೆಸರು, ತಯಾರಕನ ವಿಳಾಸ, ತಯಾರಿಸುವ ಬಗೆ ಮುಂತಾದ ಒಣ ವಿವರಗಳಿಗೆ ಆ ಕಾಯ್ದೆ ಗೆರೆ ಎಳೆದಿದೆ, ಅದರ ಕೆಳಗೆ ಆರೋಗ್ಯದ ಎಚ್ಚರಿಕೆಯನ್ನೂ ಅಚ್ಚು ಹಾಕಿಸಬೇಕು. ವಿಲ್ಲಾದ ಜಾಹೀರಾತು ಮದ್ಯದ ಜಾಹೀರಾತಲ್ಲ. ಅದರಲ್ಲಿ ಲೋಟ ಹೊಳೆಯಬಹುದು, ಬಿಸಿಲು ಹೊಳೆಯಬಹುದು, ನೆನೆದ ಕೂದಲಿನ ಯುವತಿ ನಗಬಹುದು. ವೈನ್ ಯಾರದು, ಅದರಲ್ಲಿ ಆಲ್ಕೋಹಾಲ್ ಎಷ್ಟು ಎಂದು ಕೇಳುವವರಿಲ್ಲ.

ವಾಸ್ತವವಾಗಿ ಬಂದಿಳಿದ ಅತಿಥಿಗೆ ಮೊದಲು ಎದುರಾಗುವುದು ದ್ರಾಕ್ಷಿತೋಟಕ್ಕೆ ಶಬ್ದವೂ ವಾಸನೆಯೂ ಇದೆಯೆಂಬ ಆಘಾತ. ಚಿತ್ರದಲ್ಲಿ ಅವೆರಡೂ ಇರಲಿಲ್ಲ. ಬೆಳಗಿನ ತಂಪಿನಲ್ಲಿ ಸಿಂಪಡಣೆಯ ಟ್ರ್ಯಾಕ್ಟರ್ ಬರುತ್ತದೆ. ಆಗಸ್ಟ್ ಕೊನೆಗೆ ಹಣ್ಣು ಬಿಸಿಲಿಗೆ ಕೆಡದಿರಲೆಂದು ದೀಪ ಹೊತ್ತಿಸಿಕೊಂಡು ನಡುರಾತ್ರಿಯ ನಂತರ ಕೊಯ್ಲಿನ ಯಂತ್ರವೇ ಬರುತ್ತದೆ. ಇಂಥ ದೂರುಗಳು ಹಳ್ಳಿಗಾಡಿನಲ್ಲಿ ಎಷ್ಟು ಹೆಚ್ಚಿದವೆಂದರೆ, ಒಲೆರೋಂ ದ್ವೀಪದ ಮೊರೀಸ್ ಎಂಬ ಹುಂಜವು ಕೂಗಿದ ಅಪರಾಧಕ್ಕಾಗಿ ಮೊಕದ್ದಮೆ ನಡೆದು 2019ರಲ್ಲಿ ಹುಂಜದ ಪರವಾಗಿ ತೀರ್ಪು ಬಂತು, 2021ರ ಜನವರಿಯಲ್ಲಿ ಹಳ್ಳಿಯ ಸದ್ದು ಮತ್ತು ವಾಸನೆಗಳನ್ನು ಪರಂಪರೆಯೆಂದು ಒಪ್ಪುವ ಕಾಯ್ದೆಯನ್ನೇ ಸಂಸತ್ತು ಮಾಡಬೇಕಾಯಿತು. ಇತ್ತ 2020ರಿಂದ ವಾಸದ ಜಾಗಕ್ಕೆ ಹತ್ತಿರದ ಸಾಲುಗಳಿಗೆ ಔಷಧ ಹೊಡೆಯದೆ ನಿಗದಿತ ಅಂತರ ಬಿಡಬೇಕೆಂಬ ನಿಯಮವಿದೆ, ಬಳ್ಳಿಗೆ ಅದು ಸಾಮಾನ್ಯವಾಗಿ ಹತ್ತು ಮೀಟರ್. ಆರೋಗ್ಯದ ದೃಷ್ಟಿಯಿಂದ ಇದು ಸರಿಯೇ. ಆದರೆ ತೋಟದ ನೋಟಕ್ಕೆಂದು ತೋಟದ ಅಂಚಿಗೆ ವಿಲ್ಲಾ ಬಂದರೆ, ಹಿಂದೆ ಸರಿಯಬೇಕಾದದ್ದು ತೋಟ.

ತೆರಿಗೆ ಇಲಾಖೆಯೊಂದು ಮಾತ್ರ ಕೊಳಗಳನ್ನು ನಿಜವಾದ ಶ್ರದ್ಧೆಯಿಂದ ನೋಡಿದೆ. ಆಕಾಶದಿಂದ ತೆಗೆದ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಗೆ ಓದಿಸಿ, ಒಂಬತ್ತು ಜಿಲ್ಲೆಗಳಲ್ಲಿ ಘೋಷಿಸದೆ ಬಿಟ್ಟ 20,000ಕ್ಕೂ ಹೆಚ್ಚು ಈಜುಕೊಳಗಳನ್ನು ಪತ್ತೆ ಮಾಡಿ, ಸುಮಾರು ಒಂದು ಕೋಟಿ ಯೂರೋ ತೆರಿಗೆ ಬರಲಿದೆಯೆಂದು ಅದು 2022ರ ಆಗಸ್ಟಿನಲ್ಲಿ ಪ್ರಕಟಿಸಿತು. ಆರಂಭದಲ್ಲಿ ಆ ಯಂತ್ರವು ಸೌರಫಲಕಗಳನ್ನೂ ಕೊಳವೆಂದು ಎಣಿಸಿತ್ತೆಂಬ ವರದಿಗಳಿದ್ದವು. ಕೊಳದ ಪಕ್ಕದಲ್ಲಿ ಒಣಗುತ್ತಿದ್ದ ಬಳ್ಳಿಯನ್ನು ಎಣಿಸುವ ಕೆಲಸವನ್ನು ಅದಕ್ಕೆ ವಹಿಸಿರಲಿಲ್ಲ.

ಬಾಡಿಗೆಯ ಕರಾರಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಠೇವಣಿ, ತಲೆಗಿಷ್ಟು ಪ್ರವಾಸಿ ತೆರಿಗೆ, ಹಾಸಿಗೆ ಬಟ್ಟೆಗೆ ಬೇರೆ, ಕೊನೆಯ ದಿನದ ಸ್ವಚ್ಛತೆಗೆ ಬೇರೆ, ಚಮಚಗಳ ಎಣಿಕೆಗೆ ಇಬ್ಬರ ಸಹಿ. ಅದರಲ್ಲಿ ಗಂಭೀರವಾದದ್ದು ಸುರಕ್ಷತೆಯ ವಿಷಯ. ಮಕ್ಕಳು ನೀರಿಗೆ ಬಿದ್ದು ಸಾಯುವುದನ್ನು ತಪ್ಪಿಸಲು 2003ರ ಜನವರಿಯ ಕಾಯ್ದೆಯು ನೆಲದಲ್ಲಿ ಕಟ್ಟಿದ ಖಾಸಗಿ ಕೊಳಗಳಿಗೆ ತಡೆಬೇಲಿ, ಎಚ್ಚರಿಕೆಯ ಗಂಟೆ, ಹೊದಿಕೆ, ಮೇಲ್ಛಾವಣಿ ಇವುಗಳಲ್ಲಿ ಒಂದನ್ನಾದರೂ ಕಡ್ಡಾಯ ಮಾಡಿದೆ. ತಪ್ಪಿದರೆ ದಂಡ 45,000 ಯೂರೋವರೆಗೆ. ಬೆಳೆಗಾರರ ಸಂಘಗಳು ಇಲ್ಲಿ ಒಂದು ಅವಕಾಶವನ್ನು ಕಳೆದುಕೊಂಡಿವೆಯೆಂದು ನನಗೆ ತೋರುತ್ತದೆ. ಬಳ್ಳಿಯ ಸಾಲನ್ನು ಬೆಳೆಯೆಂದು ನೋಂದಾಯಿಸುವುದನ್ನು ಬಿಟ್ಟು ಈಜುಕೊಳದ ತಡೆಬೇಲಿಯೆಂದು ನೋಂದಾಯಿಸಿದರೆ, ಕಿತ್ತವನಿಗೆ ಹೆಕ್ಟೇರಿಗೆ 4,000 ಯೂರೋ ಸಿಗುವ ಬದಲು 45,000 ಯೂರೋ ದಂಡ ಬೀಳುತ್ತದೆ, ಆಗ ಯಾರೂ ಬಳ್ಳಿಯನ್ನು ಮುಟ್ಟಲಾರರು. ಬೇಲಿಯು ಕನಿಷ್ಠ 1.10 ಮೀಟರ್ ಎತ್ತರವಿರಬೇಕೆಂಬ ಮಾನದಂಡವನ್ನು ತಂತಿಗೆ ಹಬ್ಬಿಸಿದ ಬಳ್ಳಿ ಸುಲಭವಾಗಿ ಮುಟ್ಟುತ್ತದೆ. ಐದು ವರ್ಷದೊಳಗಿನ ಮಗು ನುಸುಳದಷ್ಟು ಅದು ದಟ್ಟವಾಗಿ ಬೆಳೆಯಬೇಕೆಂದರೆ ಬೇಸಿಗೆಯಲ್ಲಿ ನೀರು ಹಾಕಬೇಕಾಗುತ್ತದೆ, ಸುರಕ್ಷತೆಯ ಕಾರಣಕ್ಕೆ ಕೇಳಿದ ನೀರನ್ನು ಯಾವ ಅಧಿಕಾರಿಯೂ ನಿರಾಕರಿಸಲಾರ.