ತುಂಗೆ ನೀರಿಗೆ ಬೋರ್ ನೀರು ಬೆರೆಸಬೇಡಿ ಮಾರಾಯ್ರೇ
ಗಂಗಾ ಸ್ನಾನ, ತುಂಗಾ ಪಾನ ಅಂತ ಹೆಸರಾದ ನೀರು ಶಿವಮೊಗ್ಗದ ನಲ್ಲಿಗೆ ಬರುತ್ತೆ. ಆ ನೀರು ತುಂಬೋ ನೆಲದಡಿ ತೊಟ್ಟಿಗೇ (ಸಂಪ್) ಬೋರ್‌ವೆಲ್ ಪೈಪನ್ನೂ ಬಿಡ್ತಾರಲ್ಲ, ಹೊಟ್ಟೆ ಉರಿಯೋದು ಅಲ್ಲೇ! ಬೋರ್ ನೀರು ಸಾಮಾನ್ಯವಾಗಿ ಗಡಸು, ಅಂದ್ರೆ ಸುಣ್ಣದಂಶ ಜಾಸ್ತಿ. ಗಡಸು ನೀರಲ್ಲಿ ಸೋಪು ನೊರೆ ಕಟ್ಟದೆ ಒಡೆದ ಹಾಲಿನ ಹಾಗೆ ಗಸಿಯಾಗುತ್ತೆ. ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ ಕೂತರೆ ಶಾಖ ನೀರಿಗೆ ದಾಟದೆ ಕಾಯಿಲ್ಲೇ ಸುಟ್ಟುಹೋಗುತ್ತೆ. ಇದಕ್ಕೆ ಪಟಿಕ ಹಾಕಿ ಅನ್ನೋರಿಗೆ ಏನು ಹೇಳೋದು? ಪಟಿಕ ಮಳೆಗಾಲದ ಕೆಂಪು ರಾಡಿಯನ್ನು ತಳಕ್ಕಿಳಿಸುತ್ತೆ, ಗಡಸುತನ ಹಾಗೇ ಉಳಿಯುತ್ತೆ. ನೀರಲ್ಲಿ ಕರಗಿದ ಲವಣವನ್ನೆಲ್ಲ ಒಟ್ಟಾಗಿ ತೋರಿಸೋ ಟಿಡಿಎಸ್ ಮೀಟರ್ ಅದ್ದಿ ಆರ್‌ಓ ಫಿಲ್ಟರ್ ಮಾರೋರ ಕಾಟ ಬೇರೆ. ಆ ಮೀಟರ್ ಗಡಸುತನವನ್ನು ಬಿಡಿಸಿ ಹೇಳಲ್ಲ, ರೋಗಾಣುವಂತೂ ಅದಕ್ಕೆ ಕಾಣೋದೇ ಇಲ್ಲ. ಹನಿ ಹಾಕಿ ಬಣ್ಣ ನೋಡೋ ಗಡಸುತನದ ಕಿಟ್ ತಂದು ಎರಡೂ ನೀರನ್ನು ಬೇರೆ ಬೇರೆ ಅಳೆಯಿರಿ. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಪ್ರಕಾರ ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು. ಬೋರ್ ನೀರಿಗೆ ಬೇರೆ ಟ್ಯಾಂಕ್, ಬೇರೆ ಲೈನ್ ಎಳೆಸಿ. ಕಕ್ಕಸಿಗೂ ಗಿಡಕ್ಕೂ ಅದು ಸಾಕು.