ಎರಡೇ ಗೋಲು

ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತದೇ ಕೇಳಿದ, "ಮಾವ, ನಿನ್ನ ಆ ಫುಟ್‌ಬಾಲ್ ಹೀರೋ ಲಿಲಿಯನ್ ತುರಾಂ ಫ್ರಾನ್ಸಿಗೆ ಎಷ್ಟು ಗೋಲು ಹೊಡೆದಿದ್ದ?" ಎರಡು ಅಂದೆ. "ಎಷ್ಟು ಮ್ಯಾಚಲ್ಲಿ?" 142 ಅಂದೆ. ನಕ್ಕುಬಿಟ್ಟ. ಆಮೇಲೆ ತುರಾಂನ ಮಗ ಮಾರ್ಕುಸ್ ಇಂಟರ್ ಮಿಲಾನಿಗೆ ಹೊಡೆದ ಗೋಲುಗಳನ್ನು ನೋಡುತ್ತಾ ಕೂತ.

ನನಗೆ ಉರಿದುಹೋಯಿತು. ಸಾರಿಗೆ ಉಪ್ಪು ಸರಿಯಾಗಿ ಬಿದ್ದ ದಿನ ಉಪ್ಪಿನ ಸುದ್ದಿ ಯಾರೂ ಎತ್ತಲ್ಲ, ಅಲ್ವಾ? ಗೋಲು ತಡೆಯೋ ಡಿಫೆಂಡರ್ ಪಾಡೂ ಅಷ್ಟೇ. ಪಾರ್ಮಾ, ಯುವೆಂಟಸ್ ಕ್ಲಬ್ಬು ಅಂತ ಇಟಲಿಯಲ್ಲೇ ಹತ್ತು ವರ್ಷ ಎದುರಾಳಿಗಳನ್ನು ಸುಮ್ಮನಾಗಿಸಿದವನಿಗೆ ಈ ಪೋರ ಕೊಟ್ಟ ಮಾರ್ಕ್ಸು, ಎರಡು.

ಆ ಎರಡೂ ಬಂದಿದ್ದು ಒಂದೇ ರಾತ್ರಿ. 1998ರ ಜುಲೈ 8, ವಿಶ್ವಕಪ್ ಸೆಮಿಫೈನಲ್, ಎದುರಿಗೆ ಕ್ರೊಯೇಷಿಯಾ. ನಮ್ಮಲ್ಲಾಗ ನಡುರಾತ್ರಿ ದಾಟಿತ್ತು. ವಿರಾಮ ಮುಗಿದ ಕೂಡಲೇ ಕ್ರೊಯೇಷಿಯಾದ ಸೂಕರ್ ಗೋಲು ಹೊಡೆದ. ತಪ್ಪು ತುರಾಂನದೇ. ಉಳಿದವರೆಲ್ಲ ಮುಂದೆ ಬಂದರೂ ಇವನೊಬ್ಬ ಹಿಂದೆ ಉಳಿದಿದ್ದರಿಂದ ಸೂಕರ್ ಆಫ್‌ಸೈಡ್ ಆಗಲಿಲ್ಲ, ಗೋಲು ಸಿಂಧುವಾಗಿಬಿಟ್ಟಿತು. ಒಂದೇ ನಿಮಿಷ! ತುರಾಂ ಅವರ ಬೋಬನ್ ಕಾಲಿಂದ ಚೆಂಡು ಕಿತ್ತು, ತನ್ನ ತಂಡದ ಜೋರ್ಕಾಯೆಫ್‌ಗೆ ತಳ್ಳಿ, ವಾಪಸ್ ಇಸ್ಕೊಂಡು ಹೊಡೆದ. 70ನೇ ನಿಮಿಷಕ್ಕೆ ಇನ್ನೊಂದು, ಅದೂ ಎಡಗಾಲಲ್ಲಿ. ಹೊಡೆದವನು ಕುಣಿಯಲಿಲ್ಲ. ಮಂಡಿಯೂರಿ, ತುಟಿಗೆ ಬೆರಳಿಟ್ಟು, ಗಣಿತದ ಲೆಕ್ಕ ತಪ್ಪಿದ ಮೇಷ್ಟ್ರ ಹಾಗೆ ಕೂತುಬಿಟ್ಟ. ಆ ಬೆರಳನ್ನು ತೋರಿಸೋಕೇ ಇದನ್ನೆಲ್ಲ ಶುರು ಮಾಡಿದ್ದು.

ಅದಕ್ಕೂ ಮುಂಚೆ ಬ್ಲಾಂಕ್ ವಿಷಯ ಹೇಳದಿದ್ದರೆ ನನಗೆ ಊಟ ಸೇರಲ್ಲ. ಫ್ರಾನ್ಸಿನ ಇನ್ನೊಬ್ಬ ಡಿಫೆಂಡರ್ ಲೋರಾನ್ ಬ್ಲಾಂಕ್, ಪ್ರತಿ ಮ್ಯಾಚಿಗೂ ಮುಂಚೆ ಗೋಲ್‌ಕೀಪರ್ ಬಾರ್ತೇಜ್‌ನ ಬೋಳುತಲೆಗೆ ಮುತ್ತಿಡುತ್ತಿದ್ದನಲ್ಲ, ಅವನೇ. ಎರಡನೇ ಗೋಲಾಗಿ ಸ್ವಲ್ಪ ಹೊತ್ತಿಗೆ ಫ್ರೀ ಕಿಕ್ಕಿನ ನೂಕಾಟದಲ್ಲಿ ಅವನ ಕೈ ಕ್ರೊಯೇಷಿಯಾದ ಬಿಲಿಚ್‌ಗೆ ತಾಗಿತು. ತಾಗಿದ್ದು ಗದ್ದದ ಹತ್ತಿರ, ಆ ಮಹಾರಾಯ ಹಿಡಿದುಕೊಂಡು ಬಿದ್ದಿದ್ದು ಹಣೆ! ಬ್ಲಾಂಕ್‌ಗೆ ಕೆಂಪು ಕಾರ್ಡು, ಅಂದರೆ ಮುಂದಿನ ಮ್ಯಾಚಿಗೂ ಇಲ್ಲ. ಫ್ರಾನ್ಸ್ ಗೆದ್ದಿತು, ಆದರೆ ತನ್ನದೇ ನೆಲದಲ್ಲಿ ನಡೆದ ವಿಶ್ವಕಪ್ ಫೈನಲನ್ನು ಪಾಪ ಅವನು ಹೊರಗೆ ಕೂತು ನೋಡಬೇಕಾಯಿತು. ಇಷ್ಟು ವರ್ಷವಾದರೂ ಆ ಹಣೆ ನೆನಪಾದರೆ ನನ್ನ ಹಣೆ ಬಿಸಿಯಾಗುತ್ತೆ. ಎಲ್ಲಾ ಮರೆತುಬಿಡು ಅನ್ನೋರನ್ನು ಕಂಡರೂ ಆಗಲ್ಲ.

ಹಾಂ, ತುರಾಂ. ಗ್ವಾಡಲೂಪ್ ದ್ವೀಪದಲ್ಲಿ ಹುಟ್ಟಿ, 9ನೇ ವಯಸ್ಸಿಗೆ ಪ್ಯಾರಿಸ್ ಕಡೆಗೆ ಬಂದವನು. ಶಾಲೆಯ ಹುಡುಗರು ಅವನನ್ನು ಟೀವಿ ಕಾರ್ಟೂನಿನ ಕರಿ ಹಸುವಿನ ಹೆಸರಿಂದ ಕರೆಯುತ್ತಿದ್ದರಂತೆ. 2008ರಲ್ಲಿ ಹೃದಯದ ತೊಂದರೆ ಗೊತ್ತಾಗಿ ಆಟ ಬಿಟ್ಟ. ಅದೇ ವರ್ಷ ವರ್ಣಭೇದದ ವಿರುದ್ಧ ಮಕ್ಕಳಿಗೆ ತಿಳಿಹೇಳೋಕೆ ಒಂದು ಫೌಂಡೇಶನ್ ಕಟ್ಟಿದ.

ಇದನ್ನೆಲ್ಲ ಹೇಳಿ, ಹುಡುಗನ ಮೊಬೈಲ್ ಕಿತ್ತುಕೊಂಡು ಆ ಎರಡನೇ ಗೋಲು ಹುಡುಕಿ ತೋರಿಸಿದೆ. ನೋಡು, ಆ ಬೆರಳು ನೋಡು ಅಂದೆ. ಕಣ್ಣು ಕಿರಿದು ಮಾಡಿ ನೋಡಿದ.

"ಏನ್ ಮಾವ ಇವನಿಗೆ, ಹಲ್ಲುನೋವಾ?"